ಇನ್ನೂ ಒಂಚೂರು ಜೋರಾಗಿ

ಮಾನ್ಯಾ ಫೋನು ಮಾಡುವುದು ಸರಿಯಾಗಿ ಮಧ್ಯಾಹ್ನದ ಊಟದ ಹೊತ್ತಿಗೆ. ಜಲಜಾ ಅತ್ತೆಯ ತಟ್ಟೆಗೆ ಅನ್ನ ಹಾಕಿ ಸಾರಿನ ಸೌಟು ಎತ್ತಿರುತ್ತಾಳೆ, ಆಗಲೇ ಫ್ರಿಜ್ಜಿನ ಮೇಲಿಟ್ಟ ಮೊಬೈಲು ಗುರ್ ಎನ್ನುತ್ತದೆ. ಅಲ್ಲಿಂದ ಮುಂದೆ ಆ ಮನೆಯಲ್ಲಿ ಯಾರೂ ಉಸಿರಾಡುವ ಹಾಗಿಲ್ಲ. ಸೌಟು ಪಾತ್ರೆಗೆ ಬೀಳಬೇಕು, ಕುಕ್ಕರಿನ ಒಲೆ ಆರಬೇಕು, ಕಿಟಕಿ ಮುಚ್ಚಬೇಕು, ಫ್ಯಾನು ನಿಲ್ಲಬೇಕು. ಘಾಜಿಯಾಬಾದಿನ ಮೇ ತಿಂಗಳಲ್ಲಿ ಫ್ಯಾನು ನಿಲ್ಲಿಸುವುದೆಂದರೆ ಸಣ್ಣ ಮಾತಲ್ಲ.

“ಏನೇ ಜಲಜಾ, ಅನ್ನದ ಜೊತೆ ನನ್ನನ್ನೂ ಬೇಯಿಸ್ತೀಯಾ?” ಎಂದು ಶಾರದಮ್ಮ ಕೂಗಿದರು. ಎಂಬತ್ತು ದಾಟಿದ ಅವರಿಗೆ ಕಿವಿ ಅಷ್ಟಕ್ಕಷ್ಟೆ. ಹಾಗಾಗಿ ಲೋಕವೆಲ್ಲ ಕಿವುಡು ಎಂಬಂತೆ ಮಾತಾಡುತ್ತಿದ್ದರು.

“ಮಾನ್ಯಾ ಫೋನು ಅತ್ತೆ.”

“ಯಾರ ಬೋನು?”

ಜಲಜಾ ಇಯರ್‌ಫೋನಿನ ಗುಂಡಿಗಳನ್ನು ಕಿವಿಗೆ ಒತ್ತಿಕೊಂಡು ಅಡುಗೆಮನೆಯ ಮೂಲೆಗೆ ಸರಿದಳು. “ಅಮ್ಮಾ” ಎಂದದ್ದು ತಿಳಿಯಿತು. ಆಮೇಲೆ ಬಂದದ್ದು ಹಿಟ್ಟು ಜರಡಿಯಾಡುವಂಥ ಸದ್ದು. ಅದರ ನಡುವೆ ಎಲ್ಲೋ ಮಗಳ ದನಿ ಇತ್ತು. ಇದೆ ಎಂದು ಗೊತ್ತಾಗುತ್ತಿತ್ತು, ಏನು ಎಂದು ಗೊತ್ತಾಗುತ್ತಿರಲಿಲ್ಲ.

“ಜೋರಾಗಿ ಮಾತಾಡೇ. ಏನೂ ಕೇಳಿಸ್ತಿಲ್ಲ.”

ಜರಡಿಯ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಜಲಜಾ ಫೋನಿನ ಪಕ್ಕದ ಗುಂಡಿಯನ್ನು ಒತ್ತಿದಳು. ದನಿಯ ಗೆರೆ ಆಗಲೇ ತುದಿ ಮುಟ್ಟಿತ್ತು. ಆದರೂ ಒತ್ತಿದಳು.

“ಇನ್ನೂ ಒಂಚೂರು ಜೋರಾಗಿ, ಪುಟ್ಟಿ.”

ಅಷ್ಟರಲ್ಲಿ ಫೋನು ನಿಂತೇ ಹೋಯಿತು. ಶಾರದಮ್ಮ ತಾವೇ ಎದ್ದು ಫ್ಯಾನು ಹಾಕಿಕೊಂಡರು. ಸಾರು ತಣ್ಣಗಾಗಿತ್ತು.

ಮಾನ್ಯಾಳ ಮದುವೆಯಾಗಿ ವರ್ಷ ತುಂಬಿರಲಿಲ್ಲ. ನೋಯ್ಡಾದ ಕಂಪನಿಯೊಂದರಲ್ಲಿ ಅವಳ ಜೊತೆ ಕೆಲಸ ಮಾಡುತ್ತಿದ್ದ ಅಭಿಷೇಕನನ್ನು ಅವಳೇ ಮೆಚ್ಚಿದ್ದಳು. ಗ್ರೇಟರ್ ನೋಯ್ಡಾದಲ್ಲಿ ಎತ್ತರದ ಅಪಾರ್ಟ್‌ಮೆಂಟು, ಮನೆತುಂಬ ಹಿಂದಿ, ಒಬ್ಬನೇ ಮಗ. ಮದುವೆಯಾದ ಮೇಲೆ “ಸ್ವಲ್ಪ ದಿನ” ಎಂದು ಕೆಲಸ ಬಿಟ್ಟವಳು ಮತ್ತೆ ಹೋಗಿರಲಿಲ್ಲ. ಹಬ್ಬಕ್ಕೆ ಬಂದರೂ ಊಟ ಮುಗಿಸಿ ಹೊರಟುಬಿಡುತ್ತಿದ್ದಳು. ಕೆಳಗೆ ಕಾರಿನಲ್ಲಿ ಅಭಿಷೇಕ ಕಾಯುತ್ತಿರುತ್ತಿದ್ದ.

ಮಗ ಕಾರ್ತಿಕೇಯನಿಗೆ ಕಾಲೇಜಿಗೆ ರಜೆ. ಸೋಫಾದ ಮೇಲೆ ಉದ್ದಕ್ಕೆ ಮಲಗಿದ್ದ ಅವನ ಹೊಟ್ಟೆಯ ಮೇಲೆ ಜಲಜಾ ಫೋನು ಇಟ್ಟಳು.

“ಇದರ ದನಿ ಸತ್ತುಹೋಗಿದೆ ಕಣೋ. ಏನಾದರೂ ಮಾಡು.”

“ನಾನು ಮಾಡ್ತಾನೆ ಅಮ್ಮಾ. ಏಕ್ ಮಿನಿಟ್.”

“ಮಾಡ್ತೀನಿ ಅನ್ನೋ! ಇಪ್ಪತ್ತು ವರ್ಷ ಆಯ್ತು, ತಾನು ಯಾರು ಅಂತಲೇ ಇನ್ನೂ ಗೊತ್ತಾಗಿಲ್ಲ ಇವನಿಗೆ,” ಎಂದರು ಶಾರದಮ್ಮ. ಇಂಥದ್ದು ಮಾತ್ರ ಅವರಿಗೆ ಚೆನ್ನಾಗಿ ಕೇಳಿಸುತ್ತಿತ್ತು.

ಕಾರ್ತಿಕೇಯ ಮೊದಲು ಸೆಟ್ಟಿಂಗಿಗೆ ಹೋಗಿ, ಕಿವಿಗೆ ಹಾನಿ ಎಂದು ಫೋನು ತಾನೇ ಹಾಕಿಕೊಂಡಿದ್ದ ಮಿತಿಯನ್ನು ತೆಗೆದ. ಎಡಬಲದ ದನಿ ಸಮ ಮಾಡಿದ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಇಯರ್‌ಫೋನಿನ ಜಾಲರಿಯನ್ನು ತಿಕ್ಕಿದ. ಒಳಗಿಂದ ಮೇಣದಂಥ ಕೊಳೆ ಬಂತು.

“ಛೀ ಅಮ್ಮಾ, ಇದರಲ್ಲಿ ಒಂದು ದೀಪ ಹಚ್ಚಬಹುದು ಯಾರ್.”

ಹಾಡು ಹಾಕಿ ಕೇಳಿಸಿದ. ಜಲಜಾ ಬೆಚ್ಚಿಬಿದ್ದಳು, ಅಷ್ಟು ಜೋರು. ಮರುದಿನ ಮಧ್ಯಾಹ್ನ ಮಾನ್ಯಾಳ ಫೋನು ಬಂದಾಗ ಜರಡಿಯ ಸದ್ದೂ ಅಷ್ಟೇ ಜೋರಾಗಿ ಬಂತು. ಮಗಳ ದನಿ ಮಾತ್ರ ಎಂದಿನಂತೆ ಅದರಡಿಯಲ್ಲೇ ಉಳಿಯಿತು.

ಗಂಡ ಗೋಪಾಲನಿಗೆ ಇದೆಲ್ಲ ಹೆಂಡತಿಯ ಕಿವಿಯ ದೋಷವೆಂದೇ ನಂಬಿಕೆ. ಅವನು ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರ್; ಇಲಾಖೆಯ ಹಿಂದಿ ಪರೀಕ್ಷೆಗಳನ್ನೆಲ್ಲ ಮೊದಲ ಸಲಕ್ಕೇ ಪಾಸು ಮಾಡಿದವನು. ಹಿಂದಿಯವರ ಎದುರಿಗೆ ಕನ್ನಡದಲ್ಲಿ ಮಾತಾಡುವುದು ಅಸಭ್ಯ ಎಂಬುದು ಅವನು ಮನೆಗೆ ತಂದ ಕಾನೂನು. ಯಾರಾದರೂ ತಪ್ಪಿ ಮಾತಾಡಿದರೆ ಕೂಡಲೇ ನಗುತ್ತ ಅನುವಾದ ಮಾಡಿ ಹೇಳುತ್ತಿದ್ದ.

“ರಾತ್ರಿ ಊಟಕ್ಕೆ ಮುಂಚೆ ಅವಳು ಮಾಡೋ ಫೋನು ಗಂಟೆ ಹೊಡೆದ ಹಾಗೆ ಕೇಳಿಸುತ್ತಲ್ಲ?” ಎಂದ, ಚಪಾತಿ ಮುರಿಯುತ್ತ. “‘ನಮಸ್ತೆ ಪಾಪಾ’ ಅಂದರೆ ಪಕ್ಕದ ಮನೆಯವರೂ ತಿರುಗಿ ನಮಸ್ತೆ ಅನ್ನಬೇಕು, ಹಾಗೆ. ಮಧ್ಯಾಹ್ನದ್ದು ಕೇಳಿಸಲ್ಲ ಅಂದರೆ ಫೋನು ಏನು ಮಾಡುತ್ತೆ? ವಯಸ್ಸಾಯ್ತು ನಿನಗೆ.”

“ರಾತ್ರಿ ನೀವೆಲ್ಲ ಇರ್ತೀರ, ಸ್ಪೀಕರ್ ಹಾಕಿರ್ತೀರ.”

“ಅದೇ ಫೋನು ತಾನೆ?”

“ನನ್ನ ಕಿವಿ ನಿನಗೆ ಬಂತು ಬಿಡೇ,” ಎಂದು ಶಾರದಮ್ಮ ಸಂತೋಷಪಟ್ಟರು. “ಒಡವೆ ಕೊಡಲಿಲ್ಲ ಅಂತಿದ್ದೆಯಲ್ಲ, ತಗೋ.”

ಸರ್ಕಾರಿ ಡಿಸ್ಪೆನ್ಸರಿಯ ಚೀಟಿ ಹಿಡಿದು ಜಲಜಾ ಆಸ್ಪತ್ರೆಗೆ ಕಿವಿ ತೋರಿಸಲು ಹೋದಳು. ಗಾಜಿನ ಕೋಣೆಯಲ್ಲಿ ಕೂರಿಸಿ, ದಪ್ಪ ಹೆಡ್‌ಫೋನು ತೊಡಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಅವಳು ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಬೆವರುತ್ತ ಒತ್ತಿದಳು. ಕೊನೆಯಲ್ಲಿ ಪರೀಕ್ಷೆ ಮಾಡಿದ ಹುಡುಗಿ, “ಆಂಟಿ, ಆಪ್ ಕೇ ಕಾನ್ ತೋ ಮುಝ್ ಸೇ ಅಚ್ಛೇ ಹೈಂ,” ಎಂದು ನಕ್ಕಳು. ತನ್ನ ಕಿವಿ ಅವಳದಕ್ಕಿಂತ ಚೆನ್ನಾಗಿದೆ ಎಂದು ಕೇಳಿ ಜಲಜಾಳಿಗೆ ಅಳು ಬಂತು. ಕಿವಿ ಕೆಟ್ಟಿದ್ದರೆ ಮಷಿನ್ ಹಾಕಿಸಿಕೊಳ್ಳಬಹುದಿತ್ತು.

ಆ ರಾತ್ರಿ ಮಾನ್ಯಾಳ ಫೋನು ಬಂತು. ಅಲ್ಲೂ ಸ್ಪೀಕರ್, ಇಲ್ಲೂ ಸ್ಪೀಕರ್. ಆಚೆಯಿಂದ ಅವಳ ಅತ್ತೆಯ ನಗು, ಈಚೆಯಿಂದ ಗೋಪಾಲನ ಶುದ್ಧ ಹಿಂದಿ. “ಸಬ್ ಬಢಿಯಾ, ಮಮ್ಮಿ,” ಎಂದಳು ಮಾನ್ಯಾ. ಜಲಜಾ ಹೀರೇಕಾಯಿ ಹೆರೆಯುತ್ತ ಕೇಳುತ್ತಿದ್ದವಳು ಕೈ ನಿಲ್ಲಿಸಿದಳು. ಫೋನು ಮುಗಿದ ಮೇಲೆ ನಿಧಾನವಾಗಿ ಹೇಳಿದಳು:

“ಹಿಂದಿಯಲ್ಲಿ ಮಾತಾಡಿದರೆ ಫೋನು ಸರಿಯಾಗಿರುತ್ತೆ. ಕನ್ನಡದಲ್ಲಿ ಮಾತಾಡಿದಾಗ ಮಾತ್ರ ಕೆಡುತ್ತೆ.”

ಗೋಪಾಲ ಜೋರಾಗಿ ನಕ್ಕ. ಕಾರ್ತಿಕೇಯ ನಗಲಿಲ್ಲ. ಎದ್ದು ಕುಳಿತು ಅಮ್ಮನ ಮುಖ ನೋಡಿದ.

“ಅಮ್ಮಾ, ಫೋನ್ ಕೆಟ್ಟಿಲ್ಲ. ದೀದಿ ಪಿಸುಪಿಸು ಮಾಡ್ತಿದಾಳೆ.”

“ಯಾಕೆ?”

“ಮುಝೇ ಕ್ಯಾ ಪತಾ. ಯಾರಿಗೋ ಕೇಳಿಸಬಾರದು ಅಂತ.”

“ಅವಳ ಮನೆಯಲ್ಲಿ ಕನ್ನಡ ಯಾರಿಗೆ ಬರುತ್ತೆ, ಕೇಳಿಸಿದರೆ ಏನಂತೆ?” ಎಂದ ಗೋಪಾಲ.

“ಅದಕ್ಕೇ ಪಾಪಾ. ಕನ್ನಡ ಬರಲ್ಲ ಅಂತಲೇ ಅವರಿಗೆ ಕೋಪ ಬರಬಹುದು.”

ಗೋಪಾಲ ಟೀವಿಯ ದನಿ ಏರಿಸಿದ.

ಮುಂದಿನ ವಾರ ಕಾರ್ತಿಕೇಯ ದನಿ ಹೆಚ್ಚಿಸುವ ಆ್ಯಪ್ ಒಂದನ್ನು ಇಳಿಸಿದ. ಅದು ಕಾಲ್ ನಡೆಯುವಾಗ ಕೆಲಸ ಮಾಡುತ್ತಿರಲಿಲ್ಲ. ರೆಕಾರ್ಡ್ ಆದದ್ದನ್ನು ಮಾತ್ರ ಏರಿಸುತ್ತಿತ್ತು. ಹಾಗಾಗಿ ಮಧ್ಯಾಹ್ನದ ಕಾಲ್ ರೆಕಾರ್ಡ್ ಆಗುವಂತೆ ಮಾಡಿದ. ಹೆತ್ತ ಮಗಳ ಮಾತನ್ನು ಕದ್ದು ಹಿಡಿಯುವುದು ಎಂದು ಜಲಜಾಳಿಗೆ ಹಿಂಸೆಯಾಯಿತು. ಆದರೂ ಫೋನು ಬಂದಾಗ ಫ್ಯಾನು ಆರಿಸಿ, “ಹೇಳು ಪುಟ್ಟಿ, ಹೇಳು,” ಎನ್ನುತ್ತ ನಿಂತಳು. ಒಂದಕ್ಷರ ತಿಳಿಯದಿದ್ದರೂ “ಹೂಂ, ಹೂಂ” ಎಂದಳು. ಹೂಂ ಎನ್ನದಿದ್ದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂಬ ಭಯ.

ಭಾನುವಾರ ಇಡ್ಲಿ ತಿಂದ ತಟ್ಟೆಗಳು ಹಾಗೇ ಇರುವಾಗ ಕಾರ್ತಿಕೇಯ ತನ್ನ ದೊಡ್ಡ ಹೆಡ್‌ಫೋನನ್ನು ಅಮ್ಮನ ತಲೆಗೆ ಕಿರೀಟದ ಹಾಗೆ ತೊಡಿಸಿದ.

ಜರಡಿಯ ಸದ್ದು ನೀರಾಗಿತ್ತು. ನಲ್ಲಿ ಪೂರ್ತಿ ಬಿಟ್ಟಿದ್ದಾರೆ, ಬಕೆಟ್ಟು ತುಂಬಿ ಹರಿಯುತ್ತಿದೆ. ನೀರಿನ ಹಿಂದೆ ಮಾನ್ಯಾ ಇದ್ದಳು. “ಮೆಸೇಜ್ ಹಾಕಬೇಡ ಅಮ್ಮಾ. ನೋಡ್ತಾರೆ.” ಮತ್ತೆ ನೀರು. “ನಾನು ಹೇಳಿದ್ದು ಅಪ್ಪನಿಗೆ…” ಮತ್ತೆ ನೀರು. ಆಮೇಲೆ ಬಾಗಿಲು ಬಡಿದ ಸದ್ದು. ಫೋನು ಎಲ್ಲೋ ದೂರ ಇಟ್ಟಂತಾಯಿತು, ಸೋಪಿನ ಪೆಟ್ಟಿಗೆಯ ಮೇಲೋ ಏನೋ. ದೂರದಿಂದ ಎರಡಕ್ಷರದ ಒಂದು ಮಾತು, ಬಿಟ್ಟುಬಿಟ್ಟು ಹಲವು ಸಲ.

ಜಲಜಾ ಹೆಡ್‌ಫೋನು ಕಿತ್ತಳು. “ಬೇಡ ಅಂತಿದಾಳೆ. ಬೇಡ, ಬೇಡ ಅಂತಿದಾಳೆ ರೀ.”

ಗೋಪಾಲ ಕನ್ನಡಕ ತೆಗೆದಿಟ್ಟು ಕೇಳಿದ. ಇನ್ನೊಮ್ಮೆ ಕೇಳಿದ. ಅವನ ಮುಖ ಅರಳಿತು. “ಅಯ್ಯೋ ಹುಚ್ಚಿ, ಅದು ‘ಬೇಟಾ’. ಅತ್ತೆ ಬಾಗಿಲ ಹೊರಗಿಂದ ಕರೀತಿದಾರೆ, ‘ಬೇಟಾ, ಬೇಟಾ’ ಅಂತ. ಎಷ್ಟು ಪ್ರೀತಿ ನೋಡು!”

“ಅದು ನನ್ನ ಮಗಳ ದನಿ.”

“ಕಾರ್ತಿ, ನೀನು ಹೇಳೋ.”

ಕಾರ್ತಿಕೇಯ ಕಣ್ಣು ಮುಚ್ಚಿ ಕೇಳಿದ. ಹುಟ್ಟಿದಾಗಿನಿಂದ ಈ ಎರಡೂ ಮಾತು ಅವನ ಕಿವಿಯಲ್ಲಿದ್ದವು. ಶಾಲೆಯಲ್ಲಿ ಒಂದು, ಮನೆಯಲ್ಲಿ ಒಂದು. “ಬೇಟಾ ಥರ ಇದೆ,” ಎಂದ. ಇನ್ನಷ್ಟು ದನಿ ಏರಿಸಿದ. “ಪತಾ ನಹೀಂ ಅಮ್ಮಾ. ಜೋರು ಮಾಡಿದರೆ ಒಡೆದುಹೋಗ್ತಿದೆ. ಟ-ನೂ ಡ-ನೂ ಒಂದೇ ಆಗ್ತಿದೆ.”

“ಇಲ್ಲಿ ಕೊಡೋ,” ಎಂದು ಶಾರದಮ್ಮ ಕೈಚಾಚಿದರು. ತುಂಬ ಹೊತ್ತು ತಲೆ ಓರೆ ಮಾಡಿ ಕೇಳಿ ತೀರ್ಪು ಕೊಟ್ಟರು: “‘ಬೇಗ’ ಅಂತಿದಾಳೆ. ಬೇಗ, ಬೇಗ. ಸ್ನಾನಕ್ಕೆ ಹೊತ್ತಾಯ್ತೇನೋ.”

ಕಾರ್ತಿಕೇಯ ಹೆಡ್‌ಫೋನನ್ನು ಅಜ್ಜಿಯ ಕೈಯಿಂದ ಮೆಲ್ಲಗೆ ತೆಗೆದುಕೊಂಡ.

“‘ನೋಡ್ತಾರೆ’ ಅಂದಿದ್ದು ಕೇಳಿಸಿತಾ?” ಎಂದಳು ಜಲಜಾ. “ಮೆಸೇಜು ನೋಡ್ತಾರಂತೆ. ಅದು ಸ್ಪಷ್ಟವಾಗಿದೆ.”

“ಈಗಿನ ಮನೆಗಳಲ್ಲಿ ಗಂಡ ಹೆಂಡತಿ ಒಬ್ಬರ ಫೋನು ಒಬ್ಬರು ನೋಡ್ತಾರಪ್ಪ.”

“ನೀರು ಬಿಟ್ಟುಕೊಂಡು ಬಾತ್‌ರೂಮಿನಿಂದ ಯಾಕೆ ಮಾಡ್ತಾಳೆ?”

“ನೀರಲ್ಲ, ಏಸಿ ಸದ್ದಿರಬಹುದು.”

“ನಿಮ್ಮ ತಲೆ!” ಜಲಜಾ ತಟ್ಟೆಗಳನ್ನು ಸಿಂಕಿಗೆ ಎಸೆದಳು. “ಚಟ್ನಿ ಹಳಸಿದರೆ ವಾಸನೆಗೇ ಗೊತ್ತಾಗುತ್ತೆ ನನಗೆ. ಬಾಯಿಗೆ ಹಾಕಿ ನೋಡಬೇಕಾಗಿಲ್ಲ. ಏಳಿ, ಹೋಗಿ ಬರೋಣ.”

“ಹೇಳದೆ ಕೇಳದೆ ಹೋಗೋಕೆ ಆಗುತ್ತಾ? ಅವರೇನು ಅಂದ್ಕೊಂಡಾರು?”

ಹೇಳಿ, ಕೇಳಿ, ಒಪ್ಪಿಗೆ ಪಡೆದು, ಮುಂದಿನ ಭಾನುವಾರ ಹೋದರು. ಜಲಜಾ ಕೋಡುಬಳೆ ಕರಿದಳು. ಕ್ಯಾಬಿನಲ್ಲಿ ದಾರಿಯುದ್ದಕ್ಕೂ ಗಂಡನಿಗೆ ಒಂದೇ ಮಾತು ಹೇಳಿದಳು: “ನೀವು ಬೀಗಿತ್ತಿ ಜೊತೆ ಮಾತಾಡ್ತಾ ಇರಿ, ನಾನು ಅಡುಗೆಮನೆಗೆ ಹೋಗ್ತೀನಿ. ಒಂದೈದು ನಿಮಿಷ ಅವಳನ್ನ ನನಗೆ ಬಿಡಿ. ಅಷ್ಟು ಸಾಕು.”

“ಆಯ್ತು ಮಾರಾಯ್ತಿ.”

ಬೀಗಿತ್ತಿ ಬಾಗಿಲಿಗೇ ಬಂದು ಜಲಜಾಳನ್ನು ಅಪ್ಪಿಕೊಂಡರು. ಒಳಗೆ ತಣ್ಣಗಿನ ಗಾಳಿ, ಗಾಜಿನ ಮೇಜು, ಬೆಳ್ಳಿಯ ತಟ್ಟೆಯಲ್ಲಿ ಗೋಡಂಬಿ. ಅಭಿಷೇಕ ಕಾಲು ಮುಟ್ಟಿ ನಮಸ್ಕರಿಸಿದ. ಮಾನ್ಯಾ ಗುಲಾಬಿ ಬಣ್ಣದ ಹೊಸ ಕುರ್ತಾ ತೊಟ್ಟು ಟೀ ತಂದಳು. ಕುರ್ಚಿಯ ತುದಿಯಲ್ಲಿ, ಯಾರೋ ಈಗ ಎಬ್ಬಿಸುತ್ತಾರೆ ಎಂಬಂತೆ ಕುಳಿತಳು.

“ಎಷ್ಟು ಸೊರಗಿದೀಯೇ,” ಎಂದುಬಿಟ್ಟಳು ಜಲಜಾ.

“ಕ್ಯಾ ಕಹಾ ಬೆಹೆನ್‌ಜೀ ನೇ?” ಎಂದರು ಬೀಗಿತ್ತಿ, ನಗುತ್ತಲೇ.

“ಕಹ ರಹೀ ಹೈ, ದುಬ್ಲೀ ಹೋ ಗಯೀ ಹೈ,” ಎಂದು ಗೋಪಾಲ ಅನುವಾದಿಸಿದ.

“ಅರೇ, ಡೈಟಿಂಗ್! ನಮ್ಮ ಮಾತು ಎಲ್ಲಿ ಕೇಳ್ತಾಳೆ?” ಎಂದು ಅವರು ಹಿಂದಿಯಲ್ಲಿ ಹೇಳಿ ಸೊಸೆಯ ಬೆನ್ನು ಸವರಿದರು. ಮಾನ್ಯಾ ನಕ್ಕಳು. ಜಲಜಾ ಲೋಟ ಎತ್ತಿಕೊಂಡು ಅಡುಗೆಮನೆಗೆ ಎದ್ದಳು. ಮಾನ್ಯಾ ಎದ್ದಳು. ಬೀಗಿತ್ತಿಯೂ ಎದ್ದರು, “ನೀವು ಯಾಕೆ, ನೀವು ಅತಿಥಿಗಳು,” ಎಂದು ಲೋಟ ಕಸಿದುಕೊಂಡರು. ಮೂವರೂ ಮತ್ತೆ ಕುಳಿತರು.

ಆಗ ಗೋಪಾಲನಿಗೆ ಒಂದು ಒಳ್ಳೆಯ ಉಪಾಯ ಹೊಳೆಯಿತು. ಹೆಂಡತಿಯ ಗೋಳನ್ನು ಎಲ್ಲರೆದುರು, ಮರ್ಯಾದೆಯಿಂದ, ನಗುನಗುತ್ತ ಬಗೆಹರಿಸಿಬಿಡುವುದು. ಅಳಿಯನ ಕಡೆ ತಿರುಗಿ ಚೆಂದದ ಹಿಂದಿಯಲ್ಲಿ ಹೇಳಿದ: ಮಾನ್ಯಾಳ ಫೋನು ಯಾಕೋ ಸರಿಯಿಲ್ಲ. ಮಧ್ಯಾಹ್ನ ಮಾಡಿದಾಗ ದನಿಯೇ ಬರುವುದಿಲ್ಲ. ಇವಳು ಹೆಡ್‌ಫೋನು ಹಾಕಿಕೊಂಡು, ಫ್ಯಾನು ಆರಿಸಿ…

“ರೀ, ಸುಮ್ಮನಿರಿ,” ಎಂದಳು ಜಲಜಾ. “ಆ ಮಾತು ಎತ್ತಬೇಡಿ.”

“ಕ್ಯಾ ಬೋಲ್ ರಹೀ ಹೈಂ?” ಎಂದರು ಬೀಗಿತ್ತಿ.

ಮೂವತ್ತು ವರ್ಷದ ಅಭ್ಯಾಸ. ಗೋಪಾಲನ ಬಾಯಿ ತಾನೇ ತಾನಾಗಿ ತೆರೆಯಿತು. “ಕಹ ರಹೀ ಹೈ, ಚುಪ್ ರಹಿಯೇ, ಯೇ ಬಾತ್ ಮತ್ ಉಠಾಯಿಯೇ.” ಹೇಳಿ ಅವನು ನಕ್ಕ. ಅಭಿಷೇಕನೂ ನಕ್ಕ.

ಬೀಗಿತ್ತಿ ಟೀ ಕಪ್ಪನ್ನು ಸಾಸರಿನ ಮೇಲೆ ಇಟ್ಟರು. “ದೋಪಹರ್ ಮೇಂ?” ಎಂದರು. “ದೋಪಹರ್ ಮೇಂ ತೋ ಯೇ ನಹಾತೀ ಹೈ.”

ಮಧ್ಯಾಹ್ನ ಅವಳು ಸ್ನಾನ ಮಾಡುತ್ತಾಳಲ್ಲ. ಅಷ್ಟೇ ಅಂದದ್ದು. ಜಲಜಾ ಮಗಳ ಕಡೆ ನೋಡಿದಳು. ಮಾನ್ಯಾ ಅಪ್ಪನನ್ನು ನೋಡಲಿಲ್ಲ, ಅಮ್ಮನನ್ನೂ ನೋಡಲಿಲ್ಲ. ಕೋಡುಬಳೆಯ ಡಬ್ಬಿಯ ಮುಚ್ಚಳವನ್ನು ತೆಗೆದು, ಮತ್ತೆ ಸರಿಯಾಗಿ ಒತ್ತಿ ಮುಚ್ಚಿದಳು.

“ಚಿಂತೆ ಬೇಡ ಪಾಪಾಜೀ, ನಾನು ನೋಡ್ತೀನಿ,” ಎಂದ ಅಭಿಷೇಕ, ಹಿಂದಿಯಲ್ಲಿ.

ವಾಪಸು ಬರುವಾಗ ಕ್ಯಾಬಿನಲ್ಲಿ ಜಲಜಾ ಬಾಯಿ ಬಿಡಲಿಲ್ಲ. ಮನೆಯ ಮೆಟ್ಟಿಲ ಮೇಲೆ ಬಿಟ್ಟಳು.

“ಏನು ಮಾಡಿಬಿಟ್ಟಿರಿ ಗೊತ್ತಾ?”

“ಏನು ಮಾಡಿದೆ? ಅವರೇನು ಬೈದರಾ? ಹೊಡೆದರಾ? ಹಣ್ಣು ಕೊಟ್ಟರು, ಟೀ ಕೊಟ್ಟರು, ಸೀರೆ ಕೊಟ್ಟು ಕಳಿಸಿದರು.”

“ಅವಳನ್ನ ಕರ್ಕೊಂಡು ಬರೋಣ. ನಾಳೆಯೇ.”

“ಏನಂತ ಹೇಳಿ? ಅವಳು ಬರ್ತೀನಿ ಅಂದಳಾ? ಯಾವ ಠಾಣೆಗೆ ಹೋಗಿ ಏನು ಬರೆಸಲಿ ನಾನು, ನಲ್ಲಿ ಸದ್ದು ಅಂತಲಾ?” ಗೋಪಾಲ ಬೇರೆ ಯಾವುದೋ ಬೀಗದ ಕೈ ಹಾಕಿ ತಿರುಗಿಸಿದ. ಬಾಗಿಲು ತೆರೆಯಲಿಲ್ಲ. ಅವನಿಗೂ ಏನೋ ತಿಳಿಯತೊಡಗಿತ್ತು, ತಿಳಿಯಬಾರದು ಎಂದು ಒದ್ದಾಡುತ್ತಿದ್ದ. “ನನಗೆ ಹೇಗೆ ಗೊತ್ತಾಗಬೇಕು ಜಲಜಾ? ಅವಳು ಒಂದು ಮಾತು ಹೇಳಬಾರದಿತ್ತಾ?”

“ಹೇಳ್ತಿದ್ದಳು,” ಎಂದಳು ಜಲಜಾ. “ದಿನಾ ಹೇಳ್ತಿದ್ದಳು.”

ಮರುದಿನ ಮಧ್ಯಾಹ್ನ ಫೋನು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಜಲಜಾ ತಾನೇ ಮಾಡಿದಳು. ಬೀಗಿತ್ತಿ ಎತ್ತಿ, ಮಾನ್ಯಾ ಮಲಗಿದ್ದಾಳೆ, ಎದ್ದ ಮೇಲೆ ಹೇಳುತ್ತೇನೆ ಎಂದರು. ಕಾರ್ತಿಕೇಯ ಹಾಕಿದ ಮೆಸೇಜಿಗೆ ನಗುವ ಮುಖವೊಂದು ಬಂತು. ಅವನು ಒಂದು ದಿನ ಯಾರಿಗೂ ಹೇಳದೆ ಮೆಟ್ರೋ ಹಿಡಿದು ಗ್ರೇಟರ್ ನೋಯ್ಡಾಕ್ಕೆ ಹೋದ. ಗೇಟಿನ ಗಾರ್ಡ್ ಇಂಟರ್‌ಕಾಮಿನಲ್ಲಿ ಕೇಳಿದ. ಬೀಗಿತ್ತಿಯೇ ಬಿಸಿಲಿನಲ್ಲಿ ಕೆಳಗಿಳಿದು ಬಂದು, ಮಾನ್ಯಾ ಡಾಕ್ಟರ ಹತ್ತಿರ ಹೋಗಿದ್ದಾಳೆ, ಸಣ್ಣ ನೆಗಡಿ ಎಂದು, ಅವನ ಕೈಗೆ ಮಿಠಾಯಿ ಡಬ್ಬಿ ಕೊಟ್ಟು, ಕೆನ್ನೆ ತಟ್ಟಿ ಕಳಿಸಿದರು.

“ಯಾಕೆ ವಾಪಸು ಬಂದೆ? ಅಲ್ಲೇ ಕೂರಬೇಕಿತ್ತು,” ಎಂದಳು ಜಲಜಾ.

“ಎಷ್ಟು ಹೊತ್ತು ಅಮ್ಮಾ? ಆಂಟಿ ಎಷ್ಟು ಒಳ್ಳೆಯವರ ಥರ ಇದ್ರು ಗೊತ್ತಾ? ನಾನು ಏನು ಹೇಳ್ತಾನೆ ಅವರಿಗೆ?”

ಶಾರದಮ್ಮ ಕೇಳಿಸಿಕೊಂಡರೂ ಈ ಸಲ ತಿದ್ದಲಿಲ್ಲ.

ಊಟದ ಹೊತ್ತಿಗೆ ಈಗ ಫ್ಯಾನು ಆರಿಸುವ ಕೆಲಸವಿರಲಿಲ್ಲ. ಸಾರು ಬಿಸಿಯಾಗಿಯೇ ತಟ್ಟೆಗೆ ಬೀಳುತ್ತಿತ್ತು. ಜಲಜಾ ಆ ಒಂದೇ ರೆಕಾರ್ಡಿಂಗನ್ನು ಪಾತ್ರೆ ತೊಳೆಯುವ ಮುಂಚೆ, ತೊಳೆದ ಮೇಲೆ ಕೇಳುತ್ತಿದ್ದಳು. ‘ನಾನು ಹೇಳಿದ್ದು ಅಪ್ಪನಿಗೆ…’ ಆಮೇಲೆ ಏನು? ಹೇಳು ಅಂತಲೋ, ಹೇಳಬೇಡ ಅಂತಲೋ? ಕೇಳಿ ಕೇಳಿ ಆ ನೀರಿನೊಳಗೆ ಅವಳಿಗೆ ಏನು ಬೇಕಾದರೂ ಕೇಳಿಸತೊಡಗಿತು. ಆಗ ಅದನ್ನೂ ನಂಬುವುದನ್ನು ಬಿಟ್ಟಳು.

ಮೊದಲ ಮಳೆ ಬಿದ್ದ ವಾರ, ರಾತ್ರಿ ಊಟಕ್ಕೆ ಮುಂಚೆ, ಅಭಿಷೇಕನ ಕಾಲ್ ಬಂತು. “ಪಾಪಾಜೀ, ನೀವು ಹೇಳಿದ್ದಿರಲ್ಲ, ಮಾನ್ಯಾಗೆ ಹೊಸ ಫೋನು ಕೊಡಿಸಿದೆ. ಇದರಿಂದಲೇ ಮಾತಾಡ್ತಿದ್ದೇವೆ. ದನಿ ಹೇಗಿದೆ?” ಎಂದು ಹಿಂದಿಯಲ್ಲಿ ಕೇಳಿದ.

ದನಿ ಚೆನ್ನಾಗಿತ್ತು. ನಲ್ಲಿಯಿಲ್ಲ, ಗಾಳಿಯಿಲ್ಲ. ಗೋಪಾಲ ಫೋನನ್ನು ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿಗೆ ಒರಗಿಸಿಟ್ಟ. ಹೆಂಡತಿಯ ಮುಖ ನೋಡುವ ಧೈರ್ಯವಾಗದೆ ಜಾಡಿಯನ್ನೇ ನೋಡಿದ.

“ನಮಸ್ತೆ ಮಮ್ಮಿ,” ಎಂದಳು ಮಾನ್ಯಾ. “ಆವಾಜ್ ಆ ರಹೀ ಹೈ ನಾ?”

“ಆ ರಹೀ ಹೈ.”

“ಹಮ್ ಭೀ ಸುನ್ ರಹೇ ಹೈಂ, ಬೆಹೆನ್‌ಜೀ!” ಎಂದರು ಬೀಗಿತ್ತಿ, ತಾವೂ ಕೇಳುತ್ತಿದ್ದೇವೆಂದು, ಪಕ್ಕದಿಂದಲೇ.

ಜಲಜಾ ಹಿಂದಿ ಕಲಿತದ್ದು ತರಕಾರಿ ಗಾಡಿಯ ಮುಂದೆ. ಸೋರೆಕಾಯಿ ಎಳೆಯದೇ ಎಂದು ಕೇಳಲು ಬರುತ್ತಿತ್ತು. ಗ್ಯಾಸಿನವನನ್ನು ಬೈಯಲು, ಕುಕ್ಕರಿನ ರಬ್ಬರು ಬದಲಿಸಲು ಹೇಳಲು ಬರುತ್ತಿತ್ತು. ಈಗ ಕೇಳಬೇಕಾದದ್ದನ್ನು ಕೇಳಲು ಆ ಭಾಷೆಯಲ್ಲಿ ಅವಳ ಹತ್ತಿರ ಒಂದು ಮಾತೂ ಇರಲಿಲ್ಲ. ಇದ್ದಿದ್ದರೂ, ಎಲ್ಲರಿಗೂ ಅರ್ಥವಾಗುವ ಮಾತಿನಲ್ಲಿ ಅದನ್ನು ಕೇಳುವುದು ಹೇಗೆ?

“ಖಾನಾ ಖಾಯಾ?” ಎಂದಳು.

“ಖಾ ಲಿಯಾ, ಮಮ್ಮಿ. ಸಬ್ ಠೀಕ್ ಹೈ.”

ಒಳಕೋಣೆಯ ಮಂಚದ ಮೇಲಿದ್ದ ತಾಯಿಗೆ ತಿಳಿಯಲೆಂದು ಗೋಪಾಲ ಕತ್ತು ಹೊರಳಿಸಿ ಕೂಗಿದ: “ಊಟ ಆಯ್ತಂತೆ ಅಮ್ಮ. ಚೆನ್ನಾಗಿದಾಳಂತೆ.”

“ಕೂಗಬೇಡ,” ಎಂದರು ಶಾರದಮ್ಮ. “ನನಗೂ ಕೇಳಿಸ್ತು.”